ರೆಡ್ ವೈನ್ ಕುಡಿದರೆ ಸಣ್ಣ ಆಗ್ತಾರಾ?

"ಮೇಡಂ, ರಾತ್ರಿ ಮಲಗೋ ಮುಂಚೆ ಒಂದು ಗ್ಲಾಸ್ ರೆಡ್ ವೈನ್ ಕುಡಿದ್ರೆ ಸಣ್ಣ ಆಗ್ತಾರಂತೆ, ಹೌದಾ?"

ನಾನು ಡಯಟಿಷಿಯನ್. ಈ ಪ್ರಶ್ನೆ ಕೇಳುವವರಲ್ಲಿ ಹೆಂಗಸರೇ ಜಾಸ್ತಿ, ಅದರಲ್ಲೂ ನಲವತ್ತು ದಾಟಿದವರು. ವಾಕಿಂಗ್ ಮಾಡಿ, ಅನ್ನ ಬಿಟ್ಟು, ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೂ ತೂಕ ಇಳಿಯದೆ ಬೇಸತ್ತಿರುತ್ತಾರೆ. ಕೆಲವರಂತೂ ಇದುವರೆಗೆ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ವಾಟ್ಸಾಪ್‌ನಲ್ಲಿ ಬಂದ ಮೆಸೇಜ್ ನಂಬಿ, ಔಷಧಿ ಥರ ಶುರು ಮಾಡಲಾ ಅಂತ ಕೇಳುತ್ತಾರೆ. ಅವರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳಬೇಕು.

ಇಲ್ಲ, ರೆಡ್ ವೈನ್ ಕುಡಿದರೆ ತೂಕ ಇಳಿಯುವುದಿಲ್ಲ. ದಯವಿಟ್ಟು ಈ ಕಾರಣಕ್ಕೆ ಶುರು ಮಾಡಬೇಡಿ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ವೈನ್ ಒಳ್ಳೆಯದು ಅನ್ನುವ ಮಾತು ಜೋರಾಗಿದ್ದು 1991ರಲ್ಲಿ, ಅಮೆರಿಕದ ಒಂದು ಟೀವಿ ಕಾರ್ಯಕ್ರಮದಿಂದ. ಬೆಣ್ಣೆ, ಚೀಸ್ ಅಷ್ಟೊಂದು ತಿನ್ನುವ ಫ್ರೆಂಚರಿಗೆ ಹೃದಯದ ಕಾಯಿಲೆ ಕಡಿಮೆ, ಅದಕ್ಕೆ ರೆಡ್ ವೈನ್ ಕಾರಣ ಇರಬಹುದು ಅಂತ ಅದರಲ್ಲಿ ಹೇಳಿದರು. ಅಲ್ಲಿ ತೂಕದ ಮಾತು ಇರಲಿಲ್ಲ. ತೂಕದ ಸುದ್ದಿ ಬಂದಿದ್ದು ಆಮೇಲೆ, ಇಲಿಗಳಿಂದ.

ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ರೆಸ್ವೆರಟ್ರಾಲ್ ಅನ್ನುವ ಒಂದು ಅಂಶ ಇದೆ. ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುಳಿಯಲು ಬಿಡುವುದರಿಂದ ಅದು ರೆಡ್ ವೈನ್‌ಗೂ ಸ್ವಲ್ಪ ಇಳಿಯುತ್ತದೆ. 2015ರಲ್ಲಿ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಇಲಿಗಳಿಗೆ ಕೊಬ್ಬು ಜಾಸ್ತಿ ಇರುವ ಆಹಾರ ಕೊಟ್ಟರು. ಅದರಲ್ಲಿ ಕೆಲವು ಇಲಿಗಳ ಆಹಾರಕ್ಕೆ ನೂರಕ್ಕೆ 0.1ರಷ್ಟು ರೆಸ್ವೆರಟ್ರಾಲ್ ಬೆರೆಸಿದರು. ಬೆರೆಸಿದ್ದನ್ನು ತಿಂದ ಇಲಿಗಳು ಉಳಿದವಕ್ಕಿಂತ ಸುಮಾರು ಶೇ. 40ರಷ್ಟು ಕಡಿಮೆ ದಪ್ಪ ಆದವು. ಗಮನಿಸಿ, ಅವು ಸಣ್ಣ ಆಗಲಿಲ್ಲ, ಕಡಿಮೆ ದಪ್ಪ ಆದವು ಅಷ್ಟೇ. ವೈನ್‌ಗಿಂತ ಇಡೀ ಹಣ್ಣಿನಲ್ಲೇ ಇಂಥ ಅಂಶಗಳು ಜಾಸ್ತಿ, ವೈನ್ ಸೋಸುವಾಗ ಎಷ್ಟೋ ಹೋಗಿಬಿಡುತ್ತದೆ ಅಂತ ಸಂಶೋಧಕರೇ ಹೇಳಿದ್ದರು. ಆ ಮಾತು ಮುಂದೆ ಬರಲೇ ಇಲ್ಲ. "ವೈನ್ ಕುಡಿದರೆ ಕೊಬ್ಬು ಕರಗುತ್ತೆ" ಅನ್ನುವುದಷ್ಟೇ ಊರೂರು ಸುತ್ತಿತು.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚಿಕ್ಕ ಇಲಿ ದಿನಕ್ಕೆ ಸುಮಾರು 3 ಗ್ರಾಂ ತಿನ್ನುತ್ತದೆ. ಅದರಲ್ಲಿ ಶೇ. 0.1 ಅಂದರೆ 3 ಮಿಲಿಗ್ರಾಂ. ಒಂದು ಲೀಟರ್ ರೆಡ್ ವೈನ್‌ನಲ್ಲಿ ರೆಸ್ವೆರಟ್ರಾಲ್ ಸಾಮಾನ್ಯವಾಗಿ ಇರುವುದು ಸುಮಾರು 2 ಮಿಲಿಗ್ರಾಂ. ಅಂದರೆ ಅಂಗೈಯಲ್ಲಿ ಹಿಡಿಸುವ ಆ ಇಲಿಗೆ ದಿನಾ ಸಿಕ್ಕಿದ್ದು ಒಂದೂವರೆ ಲೀಟರ್ ವೈನ್‌ನಲ್ಲಿರುವಷ್ಟು! ನಾವು ಅದಕ್ಕಿಂತ ಎರಡು ಸಾವಿರ ಪಟ್ಟು ತೂಕ ಇದ್ದೇವೆ.

ರೆಸ್ವೆರಟ್ರಾಲನ್ನು ಮನುಷ್ಯರಿಗೂ ಕೊಟ್ಟು ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ಪ್ರಯೋಗದಲ್ಲಿ 24 ಮಂದಿ ದಪ್ಪ ಗಂಡಸರಿದ್ದರು. ಅವರಲ್ಲಿ ಒಂದು ಗುಂಪಿಗೆ ನಾಲ್ಕು ವಾರ ದಿನಾ 1500 ಮಿಲಿಗ್ರಾಂ ಕೊಟ್ಟರು. ವೈನ್ ಲೆಕ್ಕದಲ್ಲಿ ಅದು ದಿನಕ್ಕೆ ಸಾವಿರ ಬಾಟಲಿ. ಹೊಟ್ಟೆಯೊಳಗಿನ ಕೊಬ್ಬೂ ಬದಲಾಗಲಿಲ್ಲ, ದೇಹ ಕೊಬ್ಬು ಉರಿಸುವ ವೇಗವೂ ಬದಲಾಗಲಿಲ್ಲ. ಹಾಗಾಗಿ "ವೈನ್ ಬೇಡ, ಕ್ಯಾಪ್ಸೂಲ್ ತಗೊಳ್ಲಾ?" ಅಂತ ಕೇಳುವವರಿಗೂ ನನ್ನ ಉತ್ತರ ಇದೇ.

ಸ್ವಲ್ಪ ಓದಿಕೊಂಡು ಬಂದವರು ಇನ್ನೊಂದು ಅಧ್ಯಯನದ ಮಾತು ತೆಗೆಯುತ್ತಾರೆ. ಅದು 2010ರದ್ದು, ಅಮೆರಿಕದ 19,220 ಹೆಂಗಸರನ್ನು ಸುಮಾರು 13 ವರ್ಷ ಗಮನಿಸಿದ್ದು. ಮಿತವಾಗಿ ಕುಡಿಯುತ್ತಿದ್ದವರ ತೂಕ ಕುಡಿಯದವರಷ್ಟು ಏರಲಿಲ್ಲ, ಅದರಲ್ಲೂ ರೆಡ್ ವೈನ್ ಕುಡಿಯುವವರದ್ದು ಇನ್ನೂ ಕಡಿಮೆ ಏರಿತ್ತು. ಇದು ನಿಜ. ಆದರೆ ಅವರೆಲ್ಲ ಶುರುವಿನಲ್ಲಿ ಸರಿಯಾದ ತೂಕ ಇದ್ದವರು. ಸರಾಸರಿ ನೋಡಿದರೆ ಎಲ್ಲ ಗುಂಪಿನ ತೂಕವೂ ಏರಿತು, ಇಳಿದ ಗುಂಪು ಒಂದೂ ಇಲ್ಲ. ಕುಡಿಯುವವರು ಬೇರೆ ಊಟ ಕಡಿಮೆ ಮಾಡುತ್ತಿದ್ದರು ಅನ್ನುವುದೂ ಅದರಲ್ಲೇ ಇದೆ. ಇಂಥ ಅಧ್ಯಯನದಲ್ಲಿ ಯಾರಿಗೂ ವೈನ್ ಕೊಟ್ಟು ನೋಡುವುದಿಲ್ಲ, ಅವರವರ ಪಾಡಿಗೆ ಬದುಕುತ್ತಿರುವವರನ್ನು ಲೆಕ್ಕ ಇಡುತ್ತಾರೆ. ಹಾಗಾಗಿ ತೂಕ ಕಡಿಮೆ ಏರಿದ್ದು ವೈನ್‌ನಿಂದಲೋ, ಅವರ ಊಟ, ಓಡಾಟ, ಅನುಕೂಲದಿಂದಲೋ ಅಂತ ಹೇಳಲು ಆಗುವುದಿಲ್ಲ.

ಈಗ ಗ್ಲಾಸಿನ ವಿಷಯ. ಶೇ. 13 ಆಲ್ಕೋಹಾಲ್ ಇರುವ ವೈನ್ 150 ಮಿಲಿ ತಗೊಳ್ಳಿ. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 15 ಗ್ರಾಂ. ಒಂದು ಗ್ರಾಂ ಆಲ್ಕೋಹಾಲ್‌ಗೆ 7 ಕ್ಯಾಲೊರಿ. ಸಕ್ಕರೆಗೆ 4, ಎಣ್ಣೆಗೆ 9. ಅಂದರೆ ಆಲ್ಕೋಹಾಲ್ ಸಕ್ಕರೆಗಿಂತ ಎಣ್ಣೆಗೇ ಹತ್ತಿರ. ಉಳಿದ ಸ್ವಲ್ಪ ಸಕ್ಕರೆ ಅಂಶ ಸೇರಿಸಿದರೆ ಗ್ಲಾಸಿಗೆ 125 ಕ್ಯಾಲೊರಿ. ಎಣ್ಣೆ ಹಚ್ಚದ ಒಂದು ಚಪಾತಿಯಷ್ಟು. ಆದರೆ ಚಪಾತಿ ತಿಂದರೆ ಹೊಟ್ಟೆ ತುಂಬುತ್ತದೆ, ವೈನ್ ಹಸಿವನ್ನು ಎಬ್ಬಿಸುತ್ತದೆ.

ಇನ್ನು ಆ 150 ಮಿಲಿ. ನಿಮ್ಮ ಮನೆಯ ವೈನ್ ಗ್ಲಾಸಿಗೆ ಅಳತೆ ಮಾಡಿ ಅಷ್ಟು ನೀರು ಹಾಕಿ ನೋಡಿ. ದೊಡ್ಡ ಗ್ಲಾಸಾದರೆ ಅರ್ಧವೂ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಕ್ವಾರ್ಟರ್ ಅಂದರೆ 180 ಮಿಲಿ, ಅದಕ್ಕಿಂತಲೂ ಕಡಿಮೆ. ಕೈಯಳತೆಯಲ್ಲಿ ಸುರಿಯುವವರ "ಒಂದೇ ಗ್ಲಾಸ್" ಎಷ್ಟೋ ಸಲ ಒಂದೂವರೆ ಆಗಿರುತ್ತದೆ. ಜೊತೆಗೆ ನಂಜಿಕೊಳ್ಳಲು ಏನಾದರೂ ಬೇಕಲ್ವಾ? 50 ಗ್ರಾಂ ಕಾಂಗ್ರೆಸ್ ಕಡಲೆಬೀಜ ಅಂದರೆ ಹತ್ತಿರ ಹತ್ತಿರ 300 ಕ್ಯಾಲೊರಿ.

ಮೇಲಿನದು ಸಿಹಿ ಇಲ್ಲದ ವೈನ್ ಲೆಕ್ಕ. ನಮ್ಮಲ್ಲಿ ತುಂಬಾ ಜನ ಇಷ್ಟಪಟ್ಟು ಕುಡಿಯುವುದು ಪೋರ್ಟ್ ಥರದ ಸಿಹಿ ವೈನ್. ಕೊಡಗಿಗೆ ಹೋದವರು ಮನೆಯಲ್ಲಿ ಮಾಡಿದ್ದು ಅಂತ ಬಾಟಲಿ ತರುತ್ತಾರೆ, ಕ್ರಿಸ್ಮಸ್‌ಗೆ ಮಂಗಳೂರಿನ ಸ್ನೇಹಿತರ ಮನೆಯಿಂದಲೂ ಬರುತ್ತದೆ. ರುಚಿ ಬಹಳ ಚೆನ್ನಾಗಿರುತ್ತದೆ, ನಿಜ. ಆದರೆ ಮನೆಯಲ್ಲಿ ಮಾಡುವಾಗ ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋವರೆಗೂ ಸಕ್ಕರೆ ಹಾಕುವವರಿದ್ದಾರೆ. ಈಸ್ಟ್ ಅದರಲ್ಲಿ ಒಂದಿಷ್ಟನ್ನು ಆಲ್ಕೋಹಾಲ್ ಮಾಡುತ್ತದೆ, ಉಳಿದಿದ್ದು ಸಕ್ಕರೆಯಾಗಿಯೇ ಇರುತ್ತದೆ. ಎರಡೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಹೊಟ್ಟೆಗೆ ಹೋದ ಮೇಲೂ ತೂಕ ಇಳಿಸಲು ಅದು ಸಹಾಯ ಮಾಡುವುದಿಲ್ಲ. ಆಲ್ಕೋಹಾಲನ್ನು ಕೂಡಿಟ್ಟುಕೊಳ್ಳಲು ದೇಹದಲ್ಲಿ ಜಾಗ ಇಲ್ಲ. ಹಾಗಾಗಿ ಲಿವರ್ ಬೇರೆ ಕೆಲಸ ಬದಿಗಿಟ್ಟು ಮೊದಲು ಅದನ್ನು ಉರಿಸುತ್ತದೆ. ಅಷ್ಟು ಹೊತ್ತು ಕೊಬ್ಬು ಉರಿಯುವುದು ಕಡಿಮೆ ಆಗುತ್ತದೆ. "ನಿದ್ದೆ ಚೆನ್ನಾಗಿ ಬರುತ್ತೆ" ಅನ್ನುವವರಿದ್ದಾರೆ. ಬೇಗ ಬರುತ್ತದೆ, ಆದರೆ ಬೆಳಗಿನ ಜಾವದ ಹೊತ್ತಿಗೆ ಕೆಡುತ್ತದೆ. ನಿದ್ದೆ ಕೆಟ್ಟ ಮರುದಿನ ಸಿಹಿ, ಕುರುಕಲು ಜಾಸ್ತಿ ಬೇಕೆನಿಸುತ್ತದೆ.

ನನಗೆ ನಿಜವಾಗಿ ಭಯ ಆಗುವುದು ಬೇರೆ ಕಾರಣಕ್ಕೆ. ತೂಕ ಇಳಿಸಬೇಕು ಅಂತ ಬರುವವರಲ್ಲಿ ಎಷ್ಟೋ ಜನಕ್ಕೆ ಆಗಲೇ ಫ್ಯಾಟಿ ಲಿವರ್ ಇರುತ್ತದೆ, ಶುಗರ್ ಇರುತ್ತದೆ, ಬಿಪಿ ಮಾತ್ರೆ ನಡೆಯುತ್ತಿರುತ್ತದೆ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಳ್ಳುವವರು ರಾತ್ರಿ ಊಟ ಬಿಟ್ಟು ವೈನ್ ಕುಡಿದರೆ, ನಿದ್ದೆಯಲ್ಲೇ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೆಂಗಸರಿಗೆ ಇನ್ನೊಂದು ಮಾತು: ದಿನಕ್ಕೆ ಒಂದೇ ಗ್ಲಾಸ್ ಆದರೂ ಸ್ತನ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಏರುತ್ತದೆ. ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಸುರಕ್ಷಿತ ಮಟ್ಟ ಮದ್ಯಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿಯೇ ಹೇಳಿದೆ. ನಮ್ಮ ದೇಶದಲ್ಲಿ ಮದ್ಯದ ಬಾಟಲಿ ಮೇಲೆ ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆಯುವಂತೆಯೂ ಇಲ್ಲ.

ಅಪರೂಪಕ್ಕೆ ಇಷ್ಟಪಟ್ಟು ವೈನ್ ಕುಡಿಯುವವರನ್ನು ನಾನು ಬೈಯುವುದಿಲ್ಲ. ಅಳೆದು ಹಾಕಿಕೊಳ್ಳಿ, ಊಟದ ಜೊತೆ ಕುಡಿಯಿರಿ, ಅದನ್ನೂ ದಿನದ ಊಟದ ಲೆಕ್ಕಕ್ಕೆ ಸೇರಿಸಿ ಅನ್ನುತ್ತೇನೆ. ಕುಡಿಯದವರಿಗೆ ನಂದಿ ಬೆಟ್ಟದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ತಿರುಳು ಹೀರಿ ಸಿಪ್ಪೆ ಉಗಿಯುತ್ತೇವಲ್ಲ, ಅದನ್ನೂ ಅಗಿದು ತಿನ್ನಿ. ಅದರಿಂದಲೂ ತೂಕ ಇಳಿಯುವುದಿಲ್ಲ, ಆದರೆ ನಾರು ಸಿಗುತ್ತದೆ. ಶುಗರ್ ಇದ್ದವರು ದ್ರಾಕ್ಷಿಯನ್ನೂ ಮಿತವಾಗಿಯೇ ತಿನ್ನಿ.

ನಲವತ್ತು ದಾಟಿದ ಮೇಲೆ ತೂಕ ಇಳಿಯದಿರಲು ಸಾಮಾನ್ಯವಾಗಿ ಬೇರೆ ಕಾರಣಗಳಿರುತ್ತವೆ. ಮಾಂಸಖಂಡ ಕರಗುತ್ತಾ ಬರುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ಹೊಟ್ಟೆ ಸುತ್ತ ಕೊಬ್ಬು ಸೇರುತ್ತದೆ, ಕೆಲವರಿಗೆ ಥೈರಾಯ್ಡ್ ತೊಂದರೆ ಇರುತ್ತದೆ. ಬರೀ ವಾಕಿಂಗ್ ಸಾಲದು, ಭಾರ ಎತ್ತುವ ವ್ಯಾಯಾಮವೂ ಬೇಕು. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ ಜಾಸ್ತಿ ಆಗಬೇಕು. ಒಂದು ವಾರ, ಸಂಜೆ ಐದರಿಂದ ಮಲಗುವವರೆಗೆ ಬಾಯಿಗೆ ಹೋಗಿದ್ದನ್ನೆಲ್ಲ ಬರೆದಿಡಿ, ಕಾಫಿಗೆ ಹಾಕಿದ ಸಕ್ಕರೆ, ಮಕ್ಕಳು ಬಿಟ್ಟಿದ್ದನ್ನು ತಿಂದಿದ್ದು ಕೂಡ. ಆ ಪಟ್ಟಿ, ಥೈರಾಯ್ಡ್ ರಿಪೋರ್ಟ್ ಎರಡೂ ತಗೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಇಲ್ಲಾ ನನ್ನ ಹತ್ತಿರ ಬನ್ನಿ. ಅಲ್ಲಿಂದ ಶುರು ಮಾಡೋಣ.