ಪಾಯಿಂಟು ತಪ್ಪಿ ಜಾಸ್ತಿ ಬಿದ್ದರೆ ಬಳಸಬಹುದಾ?

ನಾನು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವನು. ಮಂಜೇಶ್ವರದಿಂದ ಕಾಸರಗೋಡು ಪೇಟೆಯವರೆಗೆ, ಒಳಗಡೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಗೂ ಓಡಾಟ. ಹಾಗಾಗಿ ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು, ಅಂಗಡಿಯಲ್ಲಿ ಕೊಂಡಾಗ ಖಾತೆಗೆ ಬೀಳುವ, ಮುಂದಿನ ಬಿಲ್ಲಿಗೆ ಬಳಸುವ ಪಾಯಿಂಟಿನ ಬಗ್ಗೆ ಇದನ್ನೇ ಕೇಳುತ್ತಾರೆ. "ಅಲ್ಲ ಮಾರಾಯ್ರೇ, ಸೂಪರ್‌ಮಾರ್ಕೆಟಿನ ಪಾಯಿಂಟು ತಪ್ಪಿ ಜಾಸ್ತಿ ಬಿದ್ದಿದೆ. ಬಳಸಿದರೆ ತಪ್ಪುಂಟಾ? ನಾವೆಂತದೂ ಮಾಡಲಿಲ್ಲವಲ್ಲ, ಕಂಪ್ಯೂಟರ್ ಮಾಡಿದ್ದಲ್ವಾ?"

ಆ ತಪ್ಪಿನ ದುಡ್ಡು ಕೊನೆಗೆ ಯಾರ ಕೈಯಿಂದ ಹೋಗುತ್ತದೆ ಎಂದು ಮೊದಲು ನೋಡಿ ಅಂತ ನಾನು ಹೇಳುತ್ತೇನೆ. "ಕಂಪೆನಿಯಿಂದ" ಅಂತ ಸುಮ್ನೆ ಹೇಳಿ ಮುಗಿಸಬೇಡಿ. ಊಟದ ಎಲೆಯ ಮುಂದೆ ಇಷ್ಟೇ ಹೇಳಲಿಕ್ಕೆ ಆಗುವುದು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಪಾಯಿಂಟು ಪುಕ್ಕಟೆ ಅಂತ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಲೆಕ್ಕ ಬರೆಯುವವರು ಹಾಗೆ ನೋಡುವುದಿಲ್ಲ. ದೊಡ್ಡ ಕಂಪೆನಿಗಳು ಪಾಲಿಸುವ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮ ಉಂಟು. ಅದರ ಪ್ರಕಾರ ಪಾಯಿಂಟು ಕೊಟ್ಟು ಮಾರಿದಾಗ ಬಂದ ದುಡ್ಡೆಲ್ಲವನ್ನೂ ಅಂದೇ ಆದಾಯ ಅಂತ ಬರೆಯುವ ಹಾಗಿಲ್ಲ. ಅದರಲ್ಲಿ ಒಂದು ಪಾಲನ್ನು ಗಿರಾಕಿಗೆ ಇನ್ನೂ ಕೊಡಲಿಕ್ಕಿರುವ ಬಾಕಿ ಅಂತ ಎತ್ತಿಡಬೇಕು. ಗಿರಾಕಿ ಪಾಯಿಂಟು ಬಳಸಿದಾಗ, ಇಲ್ಲವೇ ಅವಧಿ ಮುಗಿದಾಗ ಅದು ಆದಾಯದ ಕಡೆ ಬರುತ್ತದೆ. ಎಷ್ಟು ಜನ ಬಳಸದೆ ಬಿಟ್ಟುಬಿಡುತ್ತಾರೆ ಎಂಬ ಅಂದಾಜೂ ಈ ಲೆಕ್ಕದಲ್ಲಿ ಸೇರಿರುತ್ತದೆ. ನಮ್ಮ ಕಡೆಯ ಸಣ್ಣ ಅಂಗಡಿಗಳ ಧನಿಗಳು ಇಷ್ಟೆಲ್ಲ ಬರೆಯುವುದಿಲ್ಲ. ಅವರಿಗೆ ಅದು ಬರೀ ಡಿಸ್ಕೌಂಟು. ಆದರೆ ಯಾರು ಬರೆಯಲಿ ಬಿಡಲಿ, ಪಾಯಿಂಟಿನ ಹಿಂದೆ ಯಾರದೋ ದುಡ್ಡಂತೂ ಇರುತ್ತದೆ.

ತಪ್ಪುಗಳು ಹೆಚ್ಚಾಗಿ ಮೂರು ಜಾಗದಲ್ಲಿ ಆಗುತ್ತವೆ. ವಿಷುವಿಗೋ ಓಣಂಗೋ ಪೆರ್ನಾಳಿಗೋ ಡಬಲ್ ಪಾಯಿಂಟ್ ಅಂತ ಹಾಕಿ, ಹಬ್ಬ ಮುಗಿದ ಮೇಲೆ ತೆಗೆಯಲು ಮರೆಯುವುದು ಒಂದು. ಎರಡನೆಯದು ಬ್ರಾಂಚುಗಳ ನಡುವಿನದು. ನೆಟ್ ಹೋದಾಗ ಬಿಲ್ಲಿಂಗ್ ನಿಲ್ಲಬಾರದು ಅಂತ ಪ್ರತಿ ಬ್ರಾಂಚಿನ ಕಂಪ್ಯೂಟರಿನಲ್ಲೂ ಪಾಯಿಂಟಿನ ಲೆಕ್ಕ ಇಟ್ಟಿರುತ್ತಾರೆ. ಎಲ್ಲ ಲೆಕ್ಕ ಸೇರುವುದು ನೆಟ್ ಬಂದ ಮೇಲೆ, ಕೆಲವು ಕಡೆ ರಾತ್ರಿಯಷ್ಟೇ. ಅಷ್ಟರೊಳಗೆ ಕುಂಬಳೆಯಲ್ಲಿ ಬಳಸಿದ ಪಾಯಿಂಟನ್ನೇ ಉಪ್ಪಳದಲ್ಲಿ ಇನ್ನೊಮ್ಮೆ ಬಳಸಬಹುದು. ಮೂರನೆಯದು ರಿಟರ್ನು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಅಂಗಡಿ, ಹೆಸರು ಬೇಡ. ಸಾಫ್ಟ್‌ವೇರ್ ಬೇರೆಯವರದ್ದು. ಗೊಂದಲ ಆದ ಮೇಲೆ ನೋಡಲು ನನ್ನನ್ನು ಕರೆದರು. ಅಲ್ಲಿ ಮಿಕ್ಸಿ ಕೊಂಡರೆ ಪಾಯಿಂಟು ಆಗಲೇ ಬೀಳುತ್ತಿತ್ತು. ಆ ಪಾಯಿಂಟಿಗೆ ಅಕ್ಕಿ, ಎಣ್ಣೆ ಕೊಳ್ಳಬಹುದು. ಮಾರನೆ ದಿನ ಮಿಕ್ಸಿ ವಾಪಸ್ ಕೊಟ್ಟರೆ ದುಡ್ಡು ಪೂರ್ತಿ ವಾಪಸ್. ಪಾಯಿಂಟನ್ನು ಕಳೆಯಬೇಕಿತ್ತು, ಆದರೆ ಖಾತೆಯಲ್ಲಿ ಪಾಯಿಂಟೇ ಉಳಿದಿರಲಿಲ್ಲ. ಸೊನ್ನೆಯ ಕೆಳಗೆ ಹೋಗಲು ಆ ಪ್ರೋಗ್ರಾಂ ಬಿಡುತ್ತಿರಲಿಲ್ಲ. ಸುಮ್ಮನೆ ರಿಟರ್ನು ಪಾಸ್ ಮಾಡುತ್ತಿತ್ತು. ಯಾರೋ ಒಬ್ಬರಿಗೆ ಇದು ಗೊತ್ತಾಯಿತು. ಅವರ ವಾಟ್ಸಾಪ್ ಗುಂಪಿಗೆ ಗೊತ್ತಾಯಿತು. ಆಮೇಲೆ ಮಿಕ್ಸಿಗಳು ಊರು ಸುತ್ತಿ ಬರತೊಡಗಿದವು.

ತಿಂಗಳ ಕೊನೆಗೆ ಲೆಕ್ಕ ತಾಳೆಯಾಗಲಿಲ್ಲ. ರಿಟರ್ನುಗಳೆಲ್ಲ ಕೌಂಟರಿನಲ್ಲಿದ್ದ ಹುಡುಗಿಯ ಲಾಗಿನ್ನಿನಲ್ಲಿ ಆಗಿದ್ದವು. ಅವಳೇ ಗಿರಾಕಿಗಳ ಜೊತೆ ಸೇರಿ ಮಾಡಿದ್ದಾಳೆ ಅಂತ ಧನಿಗೆ ಅನುಮಾನ. ಆ ತಿಂಗಳ ಸಂಬಳ ತಡೆದರು. ನಾನು ಲಾಗ್ (ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆ) ತೆಗೆದು, ಇದು ಅವಳ ತಪ್ಪಲ್ಲ, ಪ್ರೋಗ್ರಾಮಿನ ತಪ್ಪು ಅಂತ ತೋರಿಸಿದ ಮೇಲೆ ಕೊಟ್ಟರು. ಅಷ್ಟು ದಿನ ಅವಳು ಕಳ್ಳಿ ಅನ್ನಿಸಿಕೊಂಡು ಅದೇ ಕೌಂಟರಿನಲ್ಲಿ ನಿಂತು ಬಿಲ್ ಹೊಡೆಯಬೇಕಾಯಿತು. ಮಿಕ್ಸಿ ತಿರುಗಿಸಿದವರಿಗೆ ಇದು ಗೊತ್ತೇ ಇಲ್ಲ. ಆಮೇಲೆ ಅವರಲ್ಲೊಬ್ಬರು ನನ್ನ ಹತ್ತಿರ, "ನಿಯಮ ಎಲ್ಲಿ ಮುರಿದಿದ್ದೇವೆ, ತೋರಿಸಿ" ಅಂದರು. ಸರಿಯೇ. ರಿಟರ್ನು ಮಾಡಬಾರದು ಅಂತ ಎಲ್ಲೂ ಬರೆದಿರಲಿಲ್ಲ.

ಬರೆದ ನಿಯಮವನ್ನು ಪೂರ್ತಿ ಬಳಸಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸ ಉಂಟು. ಅಮೆರಿಕದ ಡೇವಿಡ್ ಫಿಲಿಪ್ಸ್ ಎಂಬ ಇಂಜಿನಿಯರ್ 1999ರಲ್ಲಿ ಮಾಡಿದ್ದನ್ನು ನೋಡಿ. ಹೆಲ್ದಿ ಚಾಯ್ಸ್ ಎಂಬ ಬ್ರಾಂಡಿನ ಕಂಪೆನಿ ತನ್ನ ತಿಂಡಿಗಳ ಹತ್ತು ಬಾರ್‌ಕೋಡ್ ಕಳಿಸಿದವರಿಗೆ ವಿಮಾನದ ಮೈಲು, ಅಂದರೆ ಟಿಕೆಟಿಗೆ ಬಳಸುವ ಪಾಯಿಂಟು, ಕೊಡುವುದಾಗಿ ಹೇಳಿತ್ತು. ಬೇಗ ಕಳಿಸಿದರೆ ಎರಡು ಪಟ್ಟು. ಅವರು ಹುಡುಕಿ ಹುಡುಕಿ, ಅದೇ ಕಂಪೆನಿಯ ಪುಡ್ಡಿಂಗ್ ಕಪ್ಪು 25 ಸೆಂಟಿಗೆ ಸಿಗುತ್ತದೆ ಅಂತ ಕಂಡುಹಿಡಿದರು. 12,150 ಕಪ್ಪು ಕೊಂಡರು. ಖರ್ಚು ಸುಮಾರು 3,140 ಡಾಲರ್, ಸಿಕ್ಕಿದ್ದು 12 ಲಕ್ಷಕ್ಕೂ ಜಾಸ್ತಿ ಮೈಲು. ಬಾರ್‌ಕೋಡ್ ಕಿತ್ತುಕೊಡಲು ಸಾಲ್ವೇಶನ್ ಆರ್ಮಿಯ ಸ್ವಯಂಸೇವಕರು ಬಂದರು, ಪುಡ್ಡಿಂಗ್ ಆ ಸಂಸ್ಥೆಗೆ ಹೋಯಿತು. ಇದರಲ್ಲಿ ನನಗೆ ಒಂದು ತಪ್ಪೂ ಕಾಣುವುದಿಲ್ಲ. ಕಂಪೆನಿ ತಾನೇ ಯೋಚಿಸಿ ಬರೆದ ಮಾತು, ಕೊಂಡದ್ದು ಕೊಂಡೇ ಆಯಿತು, ಲಕೋಟೆಯಲ್ಲಿ ಕಳಿಸಿದ್ದು ನಿಜವಾದ ಬಾರ್‌ಕೋಡ್. ಒಂದೇ ಒಂದು ತಮಾಷೆ. ಯಾಕೆ ಇಷ್ಟೊಂದು ಅಂತ ಅಂಗಡಿಯವರು ಕೇಳಿದಾಗ, 2000ನೇ ಇಸವಿ ಬಂದಾಗ ಕಂಪ್ಯೂಟರುಗಳೆಲ್ಲ ಕೈಕೊಡುತ್ತವಂತೆ, ಅದಕ್ಕೆ ತಿಂಡಿ ಕೂಡಿಡುತ್ತಿದ್ದೇನೆ ಅಂದರಂತೆ. ಸುಳ್ಳು ಸುಳ್ಳೇ. ಆದರೆ ಅದರಿಂದ ಅಂಗಡಿಯವರಿಗೆ ಒಂದು ಪೈಸೆ ನಷ್ಟವಿಲ್ಲ, ಮಾಲು ಖಾಲಿಯಾಯಿತಷ್ಟೆ.

ಅಮೆರಿಕದ್ದೇ ಇನ್ನೊಂದು ಕತೆಯ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಅಲ್ಲಿನ ಸರಕಾರಿ ಟಂಕಸಾಲೆ ಒಂದು ಡಾಲರಿನ ನಾಣ್ಯ ಚಲಾವಣೆಗೆ ಬರಲಿ ಅಂತ, ಮುಖಬೆಲೆಗೇ, ಸಾಗಾಟದ ಖರ್ಚೂ ಇಲ್ಲದೆ ಮನೆಗೆ ಕಳಿಸುತ್ತಿತ್ತು. ಜನ ಕ್ರೆಡಿಟ್ ಕಾರ್ಡಿನಲ್ಲಿ ಪೆಟ್ಟಿಗೆಗಟ್ಟಲೆ ತರಿಸಿ, ನೇರ ಬ್ಯಾಂಕಿಗೆ ಕಟ್ಟಿ, ಕಾರ್ಡಿನ ಮೈಲು ಜೇಬಿಗೆ ಹಾಕಿಕೊಂಡರು. 2011ರ ಜುಲೈಯಲ್ಲಿ ಟಂಕಸಾಲೆ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಇಲ್ಲೂ ನಿಯಮ ಮುರಿದಿಲ್ಲ, ಗುಟ್ಟೂ ಇರಲಿಲ್ಲ. ಆದರೆ ಸಾಗಾಟದ ಖರ್ಚು, ಕಾರ್ಡಿನ ಕಮಿಷನ್ನು ಬಂದದ್ದು ಸರಕಾರದ ದುಡ್ಡಿನಿಂದ. ನಾಣ್ಯ ಚಲಾವಣೆಗೆ ಬರಲೂ ಇಲ್ಲ.

ನಮ್ಮಲ್ಲೂ ಇಂಥದ್ದೇ ಆಯಿತಲ್ಲ, ಬಾಡಿಗೆ ವಿಷಯದಲ್ಲಿ. ಆ್ಯಪಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಮನೆ ಬಾಡಿಗೆ ಕಟ್ಟಬಹುದು ಅಂತ ಬಂದಾಗ ಎಷ್ಟೋ ಜನ ಸ್ನೇಹಿತನ ಖಾತೆಗೆ "ಬಾಡಿಗೆ" ಕಳಿಸಿ, ಅದನ್ನು ವಾಪಸ್ ಪಡೆದು, ಪಾಯಿಂಟು ಮಾಡಿಕೊಂಡರು. ಇಲ್ಲದ ಮನೆಗೆ ಬಾಡಿಗೆ! 2022ರಿಂದ ಹಲವು ಬ್ಯಾಂಕುಗಳು ಬಾಡಿಗೆ ಪಾವತಿಗೆ ಶೇಕಡಾ 1 ಶುಲ್ಕ ಹಾಕತೊಡಗಿದವು. ಆಟ ಆಡಿದವರು ಬೇರೆ ಆಟ ಹುಡುಕಿಕೊಂಡರು. ನಿಜಕ್ಕೂ ಬಾಡಿಗೆ ಕಟ್ಟುವವರು ಆ ಶುಲ್ಕ ಕೊಡಬೇಕಾಯಿತು.

ಕಾನೂನು ಏನು ಹೇಳುತ್ತದೆ ಅಂತಲೂ ಕೇಳುತ್ತಾರೆ. 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ ನೇರವಾಗಿಯೇ ಉಂಟು. ತಪ್ಪಿನಿಂದ ಯಾರಿಗಾದರೂ ದುಡ್ಡು ಸಂದಿದ್ದರೆ, ವಸ್ತು ಸಿಕ್ಕಿದ್ದರೆ, ಅವರು ಅದನ್ನು ಹಿಂತಿರುಗಿಸಬೇಕು. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಇಬ್ಬರು ಸೇರಿ ಒಬ್ಬನಿಗೆ 100 ರೂಪಾಯಿ ಕೊಡಲಿಕ್ಕಿದೆ. ಒಬ್ಬ ಕೊಟ್ಟ. ಅದು ಗೊತ್ತಿಲ್ಲದೆ ಇನ್ನೊಬ್ಬನೂ ಕೊಟ್ಟ. ಎರಡನೆಯವನ 100 ರೂಪಾಯಿ ವಾಪಸ್ ಕೊಡಲೇಬೇಕು. ಕೇಳಿ ಪಡೆದದ್ದಲ್ಲ, ತಾನಾಗಿ ಬಂದದ್ದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಪಾಯಿಂಟು ದುಡ್ಡಾ ಅಲ್ವಾ ಅಂತ ವಕೀಲರು ವಾದ ಮಾಡಲಿ. ಅದರಿಂದ ಮನೆಗೆ ಬಂದ ಅಕ್ಕಿ ಅಕ್ಕಿಯೇ. ಇನ್ನು ಸುಳ್ಳು ಹೇಳಿ ನಂಬಿಸಿ ಪಡೆದರೆ ಅದು ವಂಚನೆಯ ಕಡೆ ಹೋಗುತ್ತದೆ. ನಾವು ಫೋರ್ ಟ್ವೆಂಟಿ ಅಂತ ಬೈಯುತ್ತಿದ್ದ ಸೆಕ್ಷನ್ 2024ರ ಜುಲೈಯಿಂದ ಹೊಸ ಕಾಯ್ದೆಯಲ್ಲಿ 318 ಆಗಿದೆ. ಬೈಗುಳ ಮಾತ್ರ ಹಳೆಯದೇ ಉಳಿದಿದೆ.

ಕಾನೂನು ಹೇಳಿದರೆ ಜನ ಒಪ್ಪುವುದಿಲ್ಲ. ಹಾಗಾಗಿ ಒಮ್ಮೆ ಒಬ್ಬ ಕೃಷಿಕರನ್ನು ನಾನೇ ಕೇಳಿದೆ. ಅಡಿಕೆ ಮಾರಲು ಹೋದಾಗ ತಕ್ಕಡಿ ಐದು ಕಿಲೋ ಜಾಸ್ತಿ ತೋರಿಸಿದರೆ ನೀವು ಬಾಯಿ ಬಿಡುತ್ತೀರಾ? ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಇಷ್ಟು ವರ್ಷ ತೂಕದಲ್ಲಿ ಹೊಡೆದದ್ದಕ್ಕೆ ಸಮ ಆಯಿತು ಅಂತ ಮನೆಗೆ ಬರ್ತೇನೆ."

ಈ ಮಾತಿಗೆ ಬೆಲೆ ಉಂಟು. ಪಾಯಿಂಟಿನ ಬೆಲೆಯನ್ನು ಕಂಪೆನಿ ಬೇಕಾದಾಗ ಇಳಿಸುತ್ತದೆ. ಅವಧಿ ಮುಗಿದರೆ ಅಳಿಸಿಬಿಡುತ್ತದೆ. ನಾವು ಮರೆಯುವುದು ಅವರ ಲೆಕ್ಕದಲ್ಲೇ ಸೇರಿದೆ ಅಂತ ಮೇಲೆ ಹೇಳಿದೆನಲ್ಲ. ನಿಯಮಗಳು ಇಂಗ್ಲಿಷಿನಲ್ಲಿ, ಎಸ್‌ಎಂಎಸ್ ಕೆಲವೊಮ್ಮೆ ಮಲಯಾಳದಲ್ಲಿ. ಕನ್ನಡ ಮಾತ್ರ ಓದಬಲ್ಲ ನೀರ್ಚಾಲಿನ ಅಜ್ಜಿಗೆ ಪಾಯಿಂಟು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಅವರ ಪಾಯಿಂಟು ಮಾರ್ಚ್ 31ಕ್ಕೆ ಸತ್ತರೆ ಯಾವ ಕಂಪೆನಿಯೂ ಮನೆಗೆ ಬಂದು ಕ್ಷಮೆ ಕೇಳುವುದಿಲ್ಲ. ಹಾಗಿರುವಾಗ ಕಂಪೆನಿಯ ಮರೆವಿನಿಂದ ಅಜ್ಜಿಯ ಮೊಮ್ಮಗನಿಗೆ ಲಾಭವಾದರೆ ಮಾತ್ರ ಧರ್ಮದ ಪ್ರಶ್ನೆ ಏಳುವುದು ನನಗೂ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ.

ಆದ್ದರಿಂದ ದೊಡ್ಡ ವಿಮಾನ ಕಂಪೆನಿಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. 2019ರ ಹೊಸವರ್ಷದ ದಿನ ಕ್ಯಾಥೆ ಪೆಸಿಫಿಕ್ ವಿಯೆಟ್ನಾಮಿನಿಂದ ಅಮೆರಿಕಕ್ಕೆ ಹೋಗಿಬರುವ ದುಬಾರಿ ಕ್ಲಾಸಿನ ಟಿಕೆಟನ್ನು, 16,000 ಡಾಲರ್ ಆಸುಪಾಸಿನದ್ದನ್ನು, ತಪ್ಪಿ 675 ಡಾಲರಿಗೆ ಮಾರಿತು. ಆಮೇಲೆ ಕೊಂಡವರನ್ನೆಲ್ಲ ಹತ್ತಿಸಿಕೊಂಡೇ ಹೋಯಿತು. ಬೆಲೆ ಹಾಕಿದ್ದು ಅವರು, ರದ್ದು ಮಾಡಬೇಕೋ ಬೇಡವೋ ಅಂತ ತೀರ್ಮಾನಿಸುವ ಶಕ್ತಿಯೂ ಅವರಿಗೇ ಇತ್ತು. ಗಲ್ಫಿಗೆ ಹೋಗಿಬರುವ ನಮ್ಮವರು ಅಂಥ ಟಿಕೆಟು ಕಂಡರೆ ಕೊಳ್ಳಲಿ. ರದ್ದಾದರೆ ಮಾತ್ರ ಗಲಾಟೆ ಮಾಡಬಾರದು.

ಆದರೆ ಅಡಿಕೆಯವರ ಲೆಕ್ಕ ನಮ್ಮೂರ ಅಂಗಡಿಯಲ್ಲಿ ಕೂಡುವುದಿಲ್ಲ. ಅಜ್ಜಿಯ ಪಾಯಿಂಟು ನುಂಗಿದವರೇ ಬೇರೆ, ಮಿಕ್ಸಿಯ ನಷ್ಟ ತಲೆಗೆ ಬಂದದ್ದೇ ಬೇರೆಯವರ ಮೇಲೆ. ಯಾರೋ ಹೊಡೆದದ್ದಕ್ಕೆ ಇನ್ಯಾರಿಂದಲೋ ಸಮ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮತ್ತೆ, ಒಮ್ಮೆ ಜಾಸ್ತಿ ಬಿದ್ದ ಪಾಯಿಂಟನ್ನು ನೋಡದೆ ಬಳಸಿದವರಿಗೂ, ತಪ್ಪು ಉಂಟು ಅಂತ ಗೊತ್ತಾಗಿ ಮತ್ತೆ ಮತ್ತೆ ಹೋದವರಿಗೂ ನಾನು ಒಂದೇ ಹೆಸರು ಕೊಡುವುದಿಲ್ಲ. ಎರಡನೆಯವರು ಆ ಮಿಕ್ಸಿಯಲ್ಲಿ ಕಾಯಿ ಅರೆಯಲಿಕ್ಕೆ ಹೋದವರಲ್ಲ.

ಕೌಂಟರಿನವರೇ ಆಡುವ ಆಟವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನಂಬರ್ ಹೇಳದ ಗಿರಾಕಿಯ ಬಿಲ್ಲಿಗೆ ತಮ್ಮ ನಂಬರ್ ಹೊಡೆಯುವುದು. ಪೆಟ್ರೋಲ್ ಬಂಕಿನಲ್ಲೂ ನಡೆಯುತ್ತದೆ. ಗಿರಾಕಿ ಬಿಟ್ಟುಬಿಟ್ಟದ್ದು, ಯಾರಿಗೂ ನಷ್ಟವಿಲ್ಲ ಅನ್ನುತ್ತಾರೆ. ಇಲ್ಲೂ ಪಾಯಿಂಟಿನ ದುಡ್ಡು ಧನಿಯದ್ದೇ. ಆದರೆ ಇದನ್ನು ಕಂಡುಹಿಡಿಯುವುದು ಬಹಳ ಸುಲಭ, ಒಂದೇ ನಂಬರಿಗೆ ದಿನಕ್ಕೆ ಇಪ್ಪತ್ತು ಬಿಲ್ ಬಿದ್ದರೆ ರಿಪೋರ್ಟಿನಲ್ಲಿ ಎದ್ದು ಕಾಣುತ್ತದೆ. ಆ ಸಂಬಳಕ್ಕೆ ಆ ಆಸೆ ಹುಟ್ಟುವುದು ನನಗೆ ಆಶ್ಚರ್ಯವಲ್ಲ. ಕೆಲಸ ಹೋಗುತ್ತದೆ ಅಂತ ಮಾತ್ರ ಎಚ್ಚರಿಸುತ್ತೇನೆ.

"ಹಾಗಾದರೆ ಎಂತ ಮಾಡಬೇಕು, ಹೇಳಬೇಕಾ?" ಹೇಳಿ. ಆದರೆ ಕೌಂಟರಿನಲ್ಲಿ ಇರುವವರಿಗಲ್ಲ. ಅವರಿಗೆ ಸರಿಮಾಡುವ ಅಧಿಕಾರ ಇಲ್ಲ, ಬೈಸಿಕೊಳ್ಳುವ ಯೋಗ ಮಾತ್ರ ಉಂಟು. ಧನಿಗೋ ಮ್ಯಾನೇಜರಿಗೋ ಹೇಳಿ. ಬಿಲ್ಲಿನ ಫೋಟೊ, ಎಸ್‌ಎಂಎಸ್ ಇಟ್ಟುಕೊಳ್ಳಿ. ಗೊತ್ತಾಗುವ ಮೊದಲೇ ಸ್ವಲ್ಪ ಬಳಸಿದ್ದರೆ ಅದನ್ನೂ ಹೇಳಿಬಿಡಿ, ಆಮೇಲೆ ಲಾಗಿನಲ್ಲಿ ಸಿಗುವುದು ಹೇಗೂ ಸಿಗುತ್ತದೆ. ದೊಡ್ಡ ಕಂಪೆನಿಯಾದರೆ ಮೇಲ್ ಹಾಕಿ, ಉತ್ತರ ಬರುವವರೆಗೆ ಆ ಪಾಯಿಂಟು ಮುಟ್ಟಬೇಡಿ. ಉತ್ತರ ತಿಂಗಳಾದರೂ ಬಾರದಿದ್ದರೆ? ಆಗ ಬಳಸಿ. ನೀವು ಹೇಳಿದ್ದೀರಿ, ಅವರು ಕೇಳಲಿಲ್ಲ.