ಉಪ್ಪು ನೋಡದ ಐದು ಮಳೆ

ಹತ್ತು ವಾರಗಳ ಕಾಲ ನಾನು ಮಾಡಿದ ಅಡುಗೆಯ ಉಪ್ಪನ್ನು ನಾನು ನೋಡಲಿಲ್ಲ. ನಮ್ಮ ಮಲೆನಾಡಿನ ಮಳೆನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ಆರಿದ್ರೆ ಹಿಡಿದ ದಿನದಿಂದ ಮಘೆ ಮುಗಿಯುವವರೆಗೆ, ಒಟ್ಟು ಐದು ಮಳೆ. ಬೆಳಿಗ್ಗೆ ಐದೂವರೆಗೆ ಎದ್ದು ಅತ್ತೆಯವರಿಗೆ, ಯಜಮಾನರಿಗೆ, ಕಾಲೇಜಿಗೆ ಹೋಗುವ ಮಗನಿಗೆ ತಿಂಡಿ ಮಾಡಿ, ಮಧ್ಯಾಹ್ನದ ಹುಳಿಯನ್ನೂ ಇಳಿಸಿಟ್ಟು ಶಾಲೆಗೆ ಓಡುವ ನನ್ನಂಥವಳಿಗೆ, ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವುದು ಗೊತ್ತೇ ಆಗದಂತೆ ನಡೆದುಹೋಗುವ ಕೆಲಸ. ಎರಡು ಹನಿ ಹುಳಿಯಲ್ಲಿ ಎಷ್ಟು ಕ್ಯಾಲೊರಿ ಇದ್ದೀತು ಎಂದು ಯಾರಾದರೂ ಕೇಳಬಹುದು. ಹನಿಯಲ್ಲಿ ಏನೂ ಇರುವುದಿಲ್ಲ. ಆದರೆ ಅದು ನಾಲಿಗೆಗೆ ತಾಗಿದ ಮೇಲೆ ಕೈ ಸುಮ್ಮನಿರುವುದಿಲ್ಲ ಎಂಬುದು ಮೊದಲ ಮೂರು ದಿನಗಳಲ್ಲಿಯೇ ಅರ್ಥವಾಯಿತು. ನಾಲ್ಕನೆಯ ದಿನದಿಂದ ಉಪ್ಪು ನೋಡುವ ಅಧಿಕಾರವನ್ನು ಅತ್ತೆಯವರಿಗೆ ಒಪ್ಪಿಸಿದೆ.

ನನಗೀಗ 47 ವರ್ಷ. ಮಧುಮೇಹ ಬಂದು ನಾಲ್ಕು ವರ್ಷಗಳಾಗಿದ್ದವು, ತೂಕ 78 ಕೆಜಿ ಇತ್ತು, ಎತ್ತರ ಮಾತ್ರ ಐದು ಅಡಿ ಒಂದು ಇಂಚು. ದಿನಕ್ಕೆ 800 ಕ್ಯಾಲೊರಿ ಅಥವಾ ಅದಕ್ಕಿಂತ ಕಡಿಮೆ ತಿನ್ನುವ ಕ್ರಮವನ್ನು ವೈದ್ಯರು ಅತಿ ಕಡಿಮೆ ಕ್ಯಾಲೊರಿಯ ಆಹಾರ ಎಂದು ಕರೆಯುತ್ತಾರೆ; ಆ ಹತ್ತು ವಾರ ನಾನು ಹಿಡಿದದ್ದು ಇದನ್ನೇ. ಬ್ರಿಟನ್ನಿನಲ್ಲಿ ನಡೆದು 2017ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯಲ್ಲಿದ್ದು, ಆಮೇಲೆ ನಿಧಾನವಾಗಿ ಊಟಕ್ಕೆ ಮರಳಿದವರ ಗುಂಪಿನಲ್ಲಿ, ವರ್ಷದ ಕೊನೆಗೆ ಶೇಕಡ 46 ಮಂದಿ ಮಾತ್ರೆಗಳಿಲ್ಲದೆಯೇ ಮಧುಮೇಹದ ಗೆರೆಯಿಂದ ಕೆಳಗಿಳಿದಿದ್ದರು. 15 ಕೆಜಿ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಂತೂ ಆ ಪ್ರಮಾಣ ಶೇಕಡ 86. ಎರಡನೆಯ ವರ್ಷದ ಕೊನೆಗೆ 46 ಇದ್ದದ್ದು 36ಕ್ಕೆ ಇಳಿದಿತ್ತು ಎಂಬುದನ್ನೂ ಓದಿದ್ದೆ, ಆದರೆ ಆಸೆ ಹುಟ್ಟಿದ ಮನಸ್ಸು ಮೊದಲಿನ ಅಂಕಿಯನ್ನೇ ಹಿಡಿದುಕೊಂಡಿತು.

ನನ್ನ ಪಟ್ಟಿ ಹೀಗಿತ್ತು: ಕೆನೆ ತೆಗೆದ ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ ದಿನಕ್ಕೆ ಮೂರು ಸಲ, ಒಟ್ಟು 570 ಕ್ಯಾಲೊರಿ. ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಒಂದು ಬಟ್ಟಲು, 100. ತರಕಾರಿ 80. ಉಳಿದ 45 ಕ್ಯಾಲೊರಿಗೆ ಒಂದು ಸಣ್ಣ ಚಮಚ ತುಪ್ಪ. ಇಷ್ಟು ಬಿಗಿಯ ಪಟ್ಟಿಯಲ್ಲಿ ತುಪ್ಪವೇಕೆ ಎಂದು ನಾನೇ ಕೇಳಿದ್ದೆ. ಕೊಬ್ಬನ್ನು ಪೂರ್ತಿ ಬಿಟ್ಟರೆ ಪಿತ್ತಕೋಶ ಸಂಕುಚಿಸದೆ ಪಿತ್ತರಸ ಅಲ್ಲಿಯೇ ನಿಂತು ಕಲ್ಲಾಗಬಹುದು, ತೂಕ ವೇಗವಾಗಿ ಇಳಿಯುವಾಗ ಆ ಅಪಾಯ ಇನ್ನೂ ಹೆಚ್ಚು ಎಂದು ವೈದ್ಯರು ತಿಳಿಸಿದರು. ಆ ಒಂದು ಚಮಚ ತುಪ್ಪ ದಿನದ ಅತಿ ದೊಡ್ಡ ಸಂಭ್ರಮವಾದದ್ದು ಬೇರೆ ಮಾತು.

ಹಸಿವಿಗೆ ಗಡಿಯಾರ ನೋಡಲು ಬರುತ್ತದೆ ಎಂಬುದು ನಾನು ಕಲಿತ ಮೊದಲ ಸಂಗತಿ. ನಮ್ಮ ಶಾಲೆಯ ಬಿಸಿಯೂಟದ ಕೋಣೆ ಎಂಟನೆಯ ತರಗತಿಯ ಕಿಟಕಿಗೆ ಎದುರಾಗಿದೆ. ಹನ್ನೆರಡು ಗಂಟೆಯ ಹೊತ್ತಿಗೆ ಅಲ್ಲಿ ಸಾರಿಗೆ ಒಗ್ಗರಣೆ ಬೀಳುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಆ ವಾಸನೆ ಮೇಲೆ ಏರದೆ ನೆಲಮಟ್ಟದಲ್ಲಿಯೇ ತೆವಳಿಕೊಂಡು ತರಗತಿಯೊಳಗೆ ಬರುತ್ತಿತ್ತು. ಸಂಧಿಯನ್ನೋ ಸಮಾಸವನ್ನೋ ವಿವರಿಸುತ್ತಿದ್ದ ನನ್ನ ಹೊಟ್ಟೆ ಮಕ್ಕಳಿಗೆ ಕೇಳಿಸುವಷ್ಟು ಜೋರಾಗಿ ಗುಡುಗುತ್ತಿತ್ತು. ಮನೆಗೆ ಬಂದರೆ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಅಂದರೆ ಮೂವತ್ತು ವರ್ಷ ಕಾಫಿಯ ಜೊತೆ ಏನನ್ನಾದರೂ ಬಾಯಿಗೆ ಹಾಕಿಕೊಂಡ ಅದೇ ಹೊತ್ತಿಗೆ, ಇನ್ನೊಂದು ಅಲೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದಲ್ಲಿ ಹುಟ್ಟುತ್ತದೆ; ರೂಢಿಯ ಊಟದ ವೇಳೆ ಹತ್ತಿರವಾದಂತೆ ಅದು ರಕ್ತದಲ್ಲಿ ಏರುತ್ತದೆ, ಉಣ್ಣದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ಹಸಿವು ಏರುತ್ತಲೇ ಹೋಗಿ ಕೊನೆಗೆ ನಮ್ಮನ್ನು ಕೆಡವುತ್ತದೆ ಎಂದು ನಾನು ಅದುವರೆಗೆ ನಂಬಿದ್ದೆ. ಇಳಿಯಲು ಅದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ಜೀರಿಗೆ-ಕೊತ್ತಂಬರಿ ಕಷಾಯವನ್ನು ಬೆಲ್ಲವಿಲ್ಲದೆ ಕುದಿಸಿ, ಸುಡುಸುಡು ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಕುಳಿತು ಗುಟುಕು ಗುಟುಕಾಗಿ ಮುಗಿಸುವ ಹೊತ್ತಿಗೆ ನಾಲ್ಕೂ ಮುಕ್ಕಾಲಾಗಿರುತ್ತಿತ್ತು, ಅಲೆಯೂ ತಗ್ಗಿರುತ್ತಿತ್ತು.

ಆದರೆ ಎಲ್ಲ ಅಲೆಗಳನ್ನೂ ಹೀಗೆ ಕೂತು ಕಳೆಯಬಾರದು ಎಂಬ ಪಾಠವೂ ಆರಿದ್ರೆ ಮಳೆಯಲ್ಲಿಯೇ ಸಿಕ್ಕಿತು. ಮೊದಲು ನಾನು ಹೋಗಿದ್ದ ವೈದ್ಯರು ಆಹಾರದ ಪಟ್ಟಿಯನ್ನು ಬರೆದುಕೊಟ್ಟರೇ ಹೊರತು ನಾನು ನುಂಗುತ್ತಿದ್ದ ಮಾತ್ರೆಗಳ ಕಡೆಗೆ ಗಮನ ಕೊಡಲಿಲ್ಲ, ನಾನೂ ಕೇಳಲಿಲ್ಲ. ಒಂಬತ್ತನೆಯ ದಿನ ಕೊನೆಯ ಅವಧಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ವಿಪರೀತ ಹಸಿವಾಯಿತು. ತಡೆದುಕೊಳ್ಳೋಣ, ಇಪ್ಪತ್ತು ನಿಮಿಷ ಎಂದುಕೊಂಡೆ. ಬರೆದ ಅಕ್ಷರಗಳು ಕೆಳಕ್ಕೆ ಜಾರತೊಡಗಿದವು, ಕತ್ತಿನ ಹಿಂದೆ ತಣ್ಣನೆಯ ಬೆವರು ಒಡೆಯಿತು, ಸೀಮೆಸುಣ್ಣ ಹಿಡಿದ ಬೆರಳುಗಳು ನಡುಗಿದವು. ಮುಖ್ಯೋಪಾಧ್ಯಾಯಿನಿಯವರ ಚೀಲದಲ್ಲಿದ್ದ ಗ್ಲೂಕೋಮೀಟರ್‌ನಲ್ಲಿ ನೋಡಿದರೆ ರಕ್ತದ ಸಕ್ಕರೆ 56ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಅವರೇ ಕುಡಿಸಿದರು. ನಾನು ನುಂಗುತ್ತಿದ್ದ ಗ್ಲಿಮಿಪಿರೈಡ್ ಗುಂಪಿನ ಮಾತ್ರೆಗಳು ನಾವು ಉಂಡರೂ ಉಣ್ಣದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ಅನ್ನವೇ ಇಲ್ಲದ ದೇಹದಲ್ಲಿ ಆ ಇನ್ಸುಲಿನ್ ಇರುವ ಸಕ್ಕರೆಯನ್ನೂ ಖಾಲಿ ಮಾಡುತ್ತದೆ. ಮರುದಿನ ಕಂಡ ಎರಡನೆಯ ವೈದ್ಯರು ಆ ಮಾತ್ರೆಯನ್ನು ಅಂದೇ ನಿಲ್ಲಿಸಿದರು, ರಕ್ತದೊತ್ತಡದ ಮಾತ್ರೆಯನ್ನು ಅರ್ಧಕ್ಕಿಳಿಸಿದರು, ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದರು. ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಇಂಥ ಪಟ್ಟಿಯನ್ನು ಪಕ್ಕದ ಮನೆಯವರಿಂದ ಬರೆದುಕೊಂಡು ಶುರುಮಾಡುವುದನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ, ಏಕೆಂದರೆ ನನ್ನ ಪಟ್ಟಿಯನ್ನು ಇಬ್ಬರು ಸಹೋದ್ಯೋಗಿಗಳು ಆಗಲೇ ಕೇಳಿದ್ದರು.

ಅಂದಿನಿಂದ ಹಸಿವಾದಾಗಲೆಲ್ಲ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳತೊಡಗಿದೆ. ನಡುಕ, ಬೆವರು ಇದೆಯೇ? ಇದ್ದರೆ ತಪಸ್ಸು ಬೇಡ, ಬೆರಳು ಚುಚ್ಚಿ ನೋಡುವುದು. ಇಲ್ಲದಿದ್ದರೆ, ಬರಿಯ ಬೇಯಿಸಿದ ಹೆಸರುಕಾಳನ್ನು ಈಗ ಎದುರಿಗಿಟ್ಟರೆ ತಿನ್ನುತ್ತೇನೆಯೇ? ಹಸಿದವನಿಗೆ ರುಚಿ ಬೇಡ ಎಂದು ಗಾದೆಯೇನೋ ಇದೆ, ನನ್ನ ಹಸಿವಿಗೆ ಮಾತ್ರ ಹತ್ತರಲ್ಲಿ ಏಳು ಸಲ ರುಚಿಯೇ ಬೇಕಾಗಿತ್ತು. ಹೆಸರುಕಾಳನ್ನು ಒಲ್ಲೆ ಎಂದ ಹೊಟ್ಟೆ ಚಕ್ಕುಲಿಯ ಡಬ್ಬಿಯ ಸದ್ದಿಗೆ ಓಗೊಡುತ್ತಿತ್ತು. ಅದು ಬಾಯಿಚಪಲ, ಅದಕ್ಕೆ ಹಲ್ಲುಜ್ಜಿ ಬರುವುದೇ ಸಾಕಾಗುತ್ತಿತ್ತು.

ನಿಜವಾದ ಹಸಿವಿಗೆ ಮಾತ್ರ ಏನನ್ನಾದರೂ ಕೊಡಲೇಬೇಕು. ಇಲ್ಲಿ ನಮ್ಮ ಅಡುಗೆಮನೆ ಕೈ ಹಿಡಿಯಿತು. ಮಲೆನಾಡಿನವರು ತಿನ್ನುವುದರಲ್ಲಿ ಎಷ್ಟು ಧಾರಾಳಿಗಳೋ, ಏನೂ ಇಲ್ಲದ್ದನ್ನು ಊಟವೆನಿಸುವಂತೆ ಮಾಡುವುದರಲ್ಲಿಯೂ ಅಷ್ಟೇ ನಿಪುಣರು. ಉಪ್ಪಿನಲ್ಲಿಟ್ಟ ಮಾವಿನಮಿಡಿಯನ್ನು ಕಿವುಚಿ ನೀರು, ಹಸಿಮೆಣಸು ಸೇರಿಸಿದ ಅಪ್ಪೆಹುಳಿಯನ್ನು ಒಂದು ಚೆಂಬು ಕುಡಿದರೂ ಲೆಕ್ಕಕ್ಕೆ ಸಿಗುವುದು ಹತ್ತಿಪ್ಪತ್ತು ಕ್ಯಾಲೊರಿ. ಒಂದೆಲಗದ ತಂಬುಳಿಯನ್ನು ತೆಂಗಿನಕಾಯಿ ಹಾಕದೆ, ಕೊಬ್ಬು ತೆಗೆದ ಮಜ್ಜಿಗೆಯಲ್ಲಿಯೇ ತೆಳ್ಳಗೆ ಮಾಡಬಹುದು. ಅತ್ತೆಯವರು ಅದನ್ನು ತಂಬುಳಿಯೆಂದು ಒಪ್ಪಲಿಲ್ಲ, ಹಸಿರು ನೀರು ಎಂದು ಕರೆದರು. ಎಲ್ಲಕ್ಕಿಂತ ಹೆಚ್ಚು ಕಾಪಾಡಿದ್ದು ಬಾಳೆದಿಂಡು. ಅದನ್ನು ಹೆಚ್ಚುವುದೇ ಅರ್ಧ ಗಂಟೆಯ ಕೆಲಸ: ಬಿಲ್ಲೆ ಮಾಡಿದಾಗಲೆಲ್ಲ ಎಳೆಯುವ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಬೇಕು. ಬಟ್ಟಲು ತುಂಬ ಕೋಸಂಬರಿ ಮಾಡಿಕೊಂಡರೆ ಅಗಿಯಲು ಇನ್ನರ್ಧ ಗಂಟೆ. ದವಡೆ ದಣಿದ ಮೇಲೆ ಹೊಟ್ಟೆಯೂ ತುಂಬಿದೆಯೆಂದು ನಂಬಿಬಿಡುತ್ತದೆ. ಪುನರ್ವಸು ಮಳೆಗೆ ಕಳಲೆ ಬಂತು, ಮೂರು ದಿನ ನೀರು ಬದಲಿಸಿ ನೆನೆಸಿದ ಕಳಲೆಯ ಪಲ್ಯವೂ ಇದೇ ಜಾತಿಯದು.

ಮೂರನೆಯ ದಿನದ ರಾತ್ರಿ ಅತ್ಯಂತ ಕಠಿಣವಾಗಿತ್ತು, ಐದನೆಯ ದಿನ ಬೆಳಗಾಗುವ ಹೊತ್ತಿಗೆ ಏನೋ ಸಡಿಲವಾದಂತಾಯಿತು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗಿ ದೇಹ ಕೊಬ್ಬನ್ನು ಉರಿಸತೊಡಗಿದಾಗ ಹುಟ್ಟುವ ಕೀಟೋನ್‌ಗಳು ಹಸಿವನ್ನು ಸ್ವಲ್ಪ ಮಂಕು ಮಾಡುತ್ತವೆಯಂತೆ. ಮೊದಲ ವಾರ ಇಳಿದ ಮೂರು ಕೆಜಿಯಲ್ಲಿ ಬಹುಪಾಲು ಆ ಗ್ಲೈಕೋಜನ್ ಹಿಡಿದಿಟ್ಟುಕೊಂಡಿದ್ದ ನೀರು ಎಂದು ತಿಳಿದಾಗ ಸ್ವಲ್ಪ ನಿರಾಸೆಯಾಯಿತು. ನೀರಿನ ಜೊತೆ ಸೋಡಿಯಂ ಕೂಡ ಹೋಗುವುದರಿಂದ ಎದ್ದು ನಿಂತಾಗ ಕಣ್ಣು ಕತ್ತಲಿಡುತ್ತಿತ್ತು. ವೈದ್ಯರನ್ನು ಕೇಳಿಯೇ ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿಕೊಂಡೆ.

ನಮ್ಮ ತವರಿನಲ್ಲಿ ಏಕಾದಶಿ ಮಾಡುತ್ತಿದ್ದವರು ಯಾರೂ ಹೀಗೆ ಒದ್ದಾಡಿದ್ದನ್ನು ನಾನು ನೋಡಿಲ್ಲ. ಹೊಸನಗರದ ಕಡೆಯ ಆ ಮನೆಯಲ್ಲಿ ಅಜ್ಜಿ ಇಡೀ ದಿನ ತುಳಸಿ ನೀರಿನಲ್ಲಿಯೇ ಇದ್ದು ಅಡಿಕೆ ಸುಲಿಯುತ್ತಿದ್ದರು. ಅವರಿಗೆ ದ್ವಾದಶಿ ಇತ್ತು. ಬೆಳಗಿನ ಜಾವ ಪಾರಣೆಗೆ ಎಲೆ ಹಾಕುವುದು ಖಚಿತವಾಗಿತ್ತು. ಅಷ್ಟೇ ಅಲ್ಲದೆ ಅಂದು ಮನೆಯಲ್ಲಿ ಯಾರಿಗೂ ಒಗ್ಗರಣೆ ಬೀಳುತ್ತಿರಲಿಲ್ಲ. ನನ್ನದು ಎಪ್ಪತ್ತು ದಿನಗಳ ಏಕಾದಶಿ, ಅದೂ ಮೂರು ಹೊತ್ತು ನಾನೇ ಬೇರೆಯವರಿಗೆ ಬಡಿಸುತ್ತ. ಅಮ್ಮ ದಿನವೂ ರಾತ್ರಿ ಫೋನ್ ಮಾಡಿ “ಊಟ ಆತಾ?” ಎಂದು ಕೇಳುತ್ತಿದ್ದಳು. “ಆತಮ್ಮ” ಎನ್ನುತ್ತಿದ್ದೆ. ಏನು ಉಂಡೆ ಎಂದು ಮುಂದೆ ಕೇಳಿದರೆ ಮಾತು ಬದಲಿಸಿ ತೋಟದ ಕೊಳೆರೋಗ ವಿಚಾರಿಸುತ್ತಿದ್ದೆ.

ಪುಷ್ಯ ಮಳೆಯ ಹೊತ್ತಿಗೆ ನನಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿತು. ರಾತ್ರಿ ಮಕ್ಕಳ ನೋಟ್‌ಪುಸ್ತಕ ತಿದ್ದಿದ ಮೇಲೆ ಹಳೆಯ ಡೈರಿಯೊಂದರಲ್ಲಿ ಅಡುಗೆಗಳನ್ನು ಬರೆಯತೊಡಗಿದೆ. ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಹಿಟ್ಟನ್ನು ತೊಡೆದು ತೊಡೆದೇವು ಎಬ್ಬಿಸುವ ಬಗೆಯನ್ನು, ಬೆಂಕಿ ಎಷ್ಟಿರಬೇಕು ಎಂಬುದರಿಂದ ಹಿಡಿದು ನಾಲ್ಕು ಪುಟ ಬರೆದಿದ್ದೇನೆ. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದ ವಿವರವನ್ನು ಓದಿದಾಗ ನಗು ಬಂತು: ಇಪ್ಪತ್ತನಾಲ್ಕು ವಾರ ಅರೆಹೊಟ್ಟೆಯಲ್ಲಿದ್ದ ಆ 36 ಯುವಕರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಹೊತ್ತು ಕಳೆಯುತ್ತಿದ್ದರಂತೆ. ಅವರಿಗೆ ಕೊಟ್ಟದ್ದು ದಿನಕ್ಕೆ ಸುಮಾರು 1570 ಕ್ಯಾಲೊರಿ, ನನಗೆ ಅದರ ಅರ್ಧ ಎಂಬುದನ್ನು ಕಂಡಾಗ ನಗು ನಿಂತಿತು. ಅವರು ಮೊದಲೇ ತೆಳ್ಳಗಿದ್ದವರು, ನನ್ನ ಮೈಯಲ್ಲಿ ಉರಿಯಲು ದಾಸ್ತಾನಿತ್ತು ಎಂದು ವೈದ್ಯರು ಸಮಾಧಾನ ಹೇಳಿದರು.

ಆ ಮಳೆಯಲ್ಲಿಯೇ ಒಂದು ರಾತ್ರಿ ಸೋತೆ. ಕರೆಂಟು ಹೋಗಿತ್ತು, ಹೊರಗೆ ಒಂದೇ ಸಮನೆ ಸುರಿಯುತ್ತಿತ್ತು. ಮೇ ತಿಂಗಳಿನಲ್ಲಿ ತವರಿನಿಂದ ತಂದ ಹಲಸಿನ ಹಪ್ಪಳದ ಡಬ್ಬಿ ಅಟ್ಟದ ಮೇಲಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ಬಾಣಲೆಗೆ ಕೊಬ್ಬರಿ ಎಣ್ಣೆ ಸುರಿದು, ಹಪ್ಪಳ ಅರಳಿ ಅಂಚು ಮೇಲೇಳುವ ಆ ಕ್ಷಣವನ್ನು ನೋಡುತ್ತ ನಿಂತವಳು ಆರನ್ನು ನಿಂತಲ್ಲೇ ತಿಂದೆ. ಕ್ಯಾಲೊರಿಯ ಲೆಕ್ಕ ಹಾಕಲು ಹೋಗಲಿಲ್ಲ. ಮರುದಿನ ಅದಕ್ಕೆ ಪ್ರಾಯಶ್ಚಿತ್ತವಾಗಿ ಉಪವಾಸ ಬೀಳದೆ ಪಟ್ಟಿಯಲ್ಲಿದ್ದಷ್ಟನ್ನೇ ತಿಂದದ್ದು ನಾನು ಮಾಡಿದ ಜಾಣ ಕೆಲಸ ಎಂದು ಈಗ ಅನ್ನಿಸುತ್ತದೆ. ನಾಗರ ಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡುವಾಗ ಇನ್ನೂ ಕಷ್ಟವಾದೀತೆಂದು ಹೆದರಿದ್ದೆ. ಹಬೆಯಲ್ಲಿ ಬೆಂದ ಎಲೆಯ ಆ ಘಮವನ್ನು ಮೂಗು ತುಂಬ ಎಳೆದುಕೊಂಡು, ಒಂದೇ ಒಂದು ಕಡುಬನ್ನು ವೈದ್ಯರ ಒಪ್ಪಿಗೆಯಿಂದ ಹೆಸರುಕಾಳಿನ ಬದಲಿಗೆ ತಿಂದೆ. ತೊಂದರೆಯೇನೂ ಆಗಲಿಲ್ಲ.

ಮಘೆ ಮಳೆ ಮುಗಿದಾಗ ತೂಕ 66.4 ಕೆಜಿ ಇತ್ತು, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.1ರಿಂದ 6.3ಕ್ಕೆ ಇಳಿದಿತ್ತು. ಕೂದಲು ಕೈಗೆ ಬರತೊಡಗಿತ್ತು; ಹುಟ್ಟಿದಾಗಿನಿಂದ ಮಲೆನಾಡಿನ ಥಂಡಿಯಲ್ಲಿ ಬೆಳೆದವಳು ಶಿವಮೊಗ್ಗದ ಆಗಸ್ಟಿಗೆ ಸ್ವೆಟರ್ ಹಾಕಿಕೊಂಡಿದ್ದೆ. ಹಸಿವು ಮಾತ್ರ ಪಟ್ಟಿಯ ಜೊತೆ ಮುಗಿದುಹೋಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ನನ್ನಂತೆಯೇ ಹತ್ತು ವಾರ ಇಂಥ ಆಹಾರದಲ್ಲಿದ್ದವರನ್ನು ಒಂದು ವರ್ಷದ ನಂತರ ಪರೀಕ್ಷಿಸಿದಾಗಲೂ ಗ್ರೆಲಿನ್ ಹಿಂದಿಗಿಂತ ಮೇಲೆಯೇ ಇತ್ತು ಎಂದು 2011ರ ಅಧ್ಯಯನವೊಂದು ತೋರಿಸಿದೆ. ನಾಲ್ಕೂ ಇಪ್ಪತ್ತರ ಅಲೆ ನನಗೆ ಈಗಲೂ ಬರುತ್ತದೆ, ಕಷಾಯದ ಪಾತ್ರೆ ಈಗಲೂ ಒಲೆಯ ಮೇಲಿರುತ್ತದೆ.

ಹುಬ್ಬೆ ಮಳೆಯ ಮೊದಲ ದಿನ ವೈದ್ಯರು ಅರ್ಧ ಅಕ್ಕಿರೊಟ್ಟಿಗೆ ಅನುಮತಿ ಕೊಟ್ಟರು. ಅಂದು ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಾನೇ ಉಪ್ಪು ನೋಡಿ, ಸಪ್ಪೆ ಎನ್ನಿಸಿದ್ದರಿಂದ ಇನ್ನರ್ಧ ಚಮಚ ಹಾಕಿ ಹುಳಿ ಇಳಿಸಿದೆ. ಮೊದಲ ತುತ್ತಿಗೇ ಮಗ ನೀರಿನ ಲೋಟಕ್ಕೆ ಕೈ ಹಾಕಿದ. ರಕ್ತದೊತ್ತಡದ ಅತ್ತೆಯವರು ತಮ್ಮ ಪಥ್ಯದ ಉಪ್ಪನ್ನೇ ಐದು ಮಳೆ ಇಡೀ ಮನೆಗೆ ಉಣಿಸಿದ್ದು ಆಗ ಬೆಳಕಿಗೆ ಬಂತು. “ಇನ್ನು ಮುಂದೆಯೂ ಉಪ್ಪು ನಾನೇ ನೋಡ್ತೀನಿ ಬಿಡು” ಎಂದು ಹೇಳಿ ಅವರು ಎಲೆಗೆ ಮಜ್ಜಿಗೆ ಬಡಿಸಿಕೊಂಡರು.