ಯೂರೋವಿಷನ್ ಯಾವ ವರ್ಷದ್ದು ಚೆಂದ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಅಕ್ಕಾ, ಎಲ್ಲಾ ವರ್ಷದ್ದೂ ನೋಡೋಕೆ ಟೈಮಿಲ್ಲ. ಒಂದೇ ಒಂದು ಹೇಳಿ. ಯಾವ ವರ್ಷದ್ದು ಚೆನ್ನಾಗಿದೆ?”

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಹೋದ ತಿಂಗಳು ಹೀಗೆ ಕೇಳಿದ. ಅವನಿಗಿಂತ ಮೊದಲು ನನ್ನ ತಂಗಿ ಕೇಳಿದ್ದಳು. ಅವಳಿಗಿಂತ ಮೊದಲು ಜರ್ಮನಿಯಲ್ಲಿರುವ ಅವಳ ಗೆಳತಿ. ನಾನು ಯೂರೋವಿಷನ್ ನೋಡುತ್ತೇನೆ ಅಂತ ಗೊತ್ತಾದವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ. ಇಷ್ಟು ದಿನ ಬಾಯಿಗೆ ಬಂದ ಒಂದು ವರ್ಷ ಹೇಳಿಬಿಡುತ್ತಿದ್ದೆ. ಈ ಸಲ ಕೂತು ಸರಿಯಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯೂರೋವಿಷನ್ ಅಂದರೆ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊ ಊರಿನಲ್ಲಿ 7 ದೇಶಗಳು ಸೇರಿ ಶುರು ಮಾಡಿದ್ದು. ಈಗ ಒಂದೊಂದು ದೇಶ ಒಂದೊಂದು ಹೊಸ ಹಾಡು ಕಳಿಸುತ್ತದೆ. ಹಾಡು 3 ನಿಮಿಷ ದಾಟುವಂತಿಲ್ಲ. ಹಾಡೆಲ್ಲ ಮುಗಿದ ಮೇಲೆ ಪ್ರತಿ ದೇಶವೂ ತನಗೆ ಇಷ್ಟವಾದ 10 ಹಾಡುಗಳಿಗೆ ಅಂಕ ಹಂಚುತ್ತದೆ. ಮೊದಲನೆಯದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ ಇಳಿದು 1ರವರೆಗೆ. ತನ್ನ ಹಾಡಿಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಫೈನಲ್ ಮೇ ತಿಂಗಳ ಒಂದು ಶನಿವಾರ ರಾತ್ರಿ. ಅಲ್ಲಿ 9 ಗಂಟೆ ಅಂದರೆ ನಮಗೆ 12.30. 2023ರಿಂದ ಸ್ಪರ್ಧೆಯಲ್ಲಿ ಇಲ್ಲದ ದೇಶದವರೂ ಆನ್‌ಲೈನ್‌ನಲ್ಲಿ ವೋಟು ಹಾಕಬಹುದು. ನಮ್ಮೆಲ್ಲರ ವೋಟು ಸೇರಿಸಿ ಒಂದು ದೇಶದ ಲೆಕ್ಕ. ನಾನೂ ಹಾಕಿದ್ದೇನೆ.

ಈಗ ವರ್ಷಗಳ ಮಾತು. ಹೆಚ್ಚಿನವರು ಅಂಕ ನೋಡಿ ಹೋಲಿಸುತ್ತಾರೆ. ಅಲ್ಲೇ ಎಡವುವುದು.

ಸ್ವೀಡನ್ನಿನ ಲೊರೀನ್ ಎರಡು ಸಲ ಗೆದ್ದ ಗಾಯಕಿ. 2012ರಲ್ಲಿ ಬಾಕುವಿನಲ್ಲಿ 372 ಅಂಕ. 2023ರಲ್ಲಿ ಲಿವರ್‌ಪೂಲ್‌ನಲ್ಲಿ 583. ಎರಡನೇ ಗೆಲುವೇ ದೊಡ್ಡದು ಅನ್ನಿಸುತ್ತದೆ, ಅಲ್ವಾ? ಆದರೆ 2016ರಲ್ಲಿ ನಿಯಮ ಬದಲಾಯಿತು. ಅದಕ್ಕೂ ಮೊದಲು ಒಂದು ದೇಶ ಒಂದೇ ಸಲ ಅಂಕ ಕೊಡುತ್ತಿತ್ತು. ಆಮೇಲೆ ತೀರ್ಪುಗಾರರದ್ದು ಬೇರೆ, ಜನರದ್ದು ಬೇರೆ. ಒಂದೇ ದೇಶದಿಂದ ಎರಡು ಕಂತು. ಹಾಗಾಗಿ 2012ರಲ್ಲಿ ಒಂದು ಹಾಡಿಗೆ ಸಿಗಬಹುದಾಗಿದ್ದ ಗರಿಷ್ಠ ಅಂಕ 492, 2023ರಲ್ಲಿ 876. ಲೆಕ್ಕ ಹಾಕಿ ನೋಡಿ. ಮೊದಲ ಸಲ ಅವಳಿಗೆ ನೂರಕ್ಕೆ 75 ದಾಟಿತ್ತು. ಎರಡನೇ ಸಲ 67 ಕೂಡ ತುಂಬಲಿಲ್ಲ. ಅದೇ ಗಾಯಕಿ, ಅದೇ ದೇಶ. ಅಂಕ ಏರಿತು, ಗೆಲುವು ಸಣ್ಣದಾಯಿತು.

ಅಬ್ಬಾ ತಂಡ ಎಲ್ಲರಿಗೂ ಗೊತ್ತು. 1974ರಲ್ಲಿ ಬ್ರೈಟನ್ನಿನಲ್ಲಿ ಅವರು ಗೆದ್ದಿದ್ದು ಬರೀ 24 ಅಂಕಕ್ಕೆ. ಆಗ ಒಂದು ದೇಶಕ್ಕೆ 10 ಜನ ತೀರ್ಪುಗಾರರು, ಒಬ್ಬೊಬ್ಬರಿಗೆ ಒಂದೇ ಒಂದು ವೋಟು. 12 ಅಂಕದ ಪದ್ಧತಿ ಬಂದಿದ್ದು ಮರು ವರ್ಷ. 2017ರಲ್ಲಿ ಪೋರ್ಚುಗಲ್ ದೇಶದ ಸಾಲ್ವಡೋರ್ ಸೊಬ್ರಾಲ್ 758 ಅಂಕ ತೆಗೆದ. ದಾಖಲೆ ಅಂತ ಎಲ್ಲ ಕಡೆ ಬಂತು, ನಿಜವೂ ಹೌದು. ಆದರೆ ನೂರಕ್ಕೆ ಎಷ್ಟು ಅಂತ ನೋಡಿದರೆ 77. 1976ರ ಬ್ರಿಟನ್ ಹಾಡಿಗೆ ಸಿಕ್ಕಿದ್ದು 204ಕ್ಕೆ 164, ಅಂದರೆ ನೂರಕ್ಕೆ 80.

ಅಂಕ ಕೊಡುವವರೂ ಬದಲಾಗುತ್ತಾ ಬಂದಿದ್ದಾರೆ. ಮೊದಲು ತೀರ್ಪುಗಾರರು ಮಾತ್ರ. 1997ರಲ್ಲಿ 5 ದೇಶಗಳಲ್ಲಿ ಜನ ಫೋನ್ ಮಾಡಿ ವೋಟು ಹಾಕುವುದು ಶುರುವಾಯಿತು. ಮುಂದೆ ಹೆಚ್ಚುಕಡಿಮೆ ಜನರದ್ದೇ ಕೈ ಮೇಲಾಯಿತು. 2009ರ ಫೈನಲ್‌ಗೆ ತೀರ್ಪುಗಾರರು ವಾಪಸ್ ಬಂದರು. 2016ರಲ್ಲಿ ತೀರ್ಪುಗಾರರ ಪಟ್ಟಿಯಲ್ಲಿ ಆಸ್ಟ್ರೇಲಿಯಾ ಮೊದಲು, ಜನರ ಪಟ್ಟಿಯಲ್ಲಿ ರಷ್ಯಾ ಮೊದಲು. ಗೆದ್ದಿದ್ದು ಎರಡರಲ್ಲೂ ಎರಡನೇ ಸ್ಥಾನದಲ್ಲಿದ್ದ ಉಕ್ರೇನ್! 2023ರಲ್ಲಿ ಜನರ ವೋಟಿನಲ್ಲಿ ಫಿನ್‌ಲ್ಯಾಂಡಿಗೆ 376, ಸ್ವೀಡನ್ನಿಗೆ 243. ತೀರ್ಪುಗಾರರು ಸ್ವೀಡನ್ನಿಗೆ 340 ಕೊಟ್ಟು, ಫಿನ್‌ಲ್ಯಾಂಡಿಗೆ 150 ಕೊಟ್ಟಿದ್ದರು. ತೀರ್ಪುಗಾರರ ಅಂಕ ಓದುತ್ತಿರುವಾಗಲೇ ಸಭಾಂಗಣದ ತುಂಬ ಜನ ಫಿನ್‌ಲ್ಯಾಂಡಿನ ಹಾಡಿನ ಹೆಸರು ಕೂಗುತ್ತಿದ್ದರು. ನನಗೂ ಫಿನ್‌ಲ್ಯಾಂಡೇ ಗೆಲ್ಲಬೇಕಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಹಾಗಾದರೆ ಹೋಲಿಸುವುದು ಹೇಗೆ? ನಾನು ಗೆದ್ದ ಹಾಡನ್ನು ಬದಿಗಿಟ್ಟು ಸೋತ ಹಾಡುಗಳನ್ನು ಎಣಿಸುತ್ತೇನೆ. ಆ ವರ್ಷ ಸೋತರೂ ನನ್ನ ಫೋನಿನಲ್ಲಿ ಉಳಿದುಕೊಂಡ ಹಾಡು ಎಷ್ಟು? ಒಳ್ಳೆ ಹಾಡು ಜಾಸ್ತಿ ಇದ್ದ ವರ್ಷ ಅಂಕ ಹಂಚಿಹೋಗುತ್ತದೆ, ಗೆದ್ದವರಿಗೂ ಕಡಿಮೆ ಸಿಗುತ್ತದೆ. ಹಾಗಂತ ಗೆದ್ದವರ ಅಂಕ ಕಡಿಮೆಯಿದ್ದ ವರ್ಷವೆಲ್ಲ ಒಳ್ಳೆಯದು ಅಂತಲೂ ಅಲ್ಲ. 2011ರಲ್ಲಿ ಅಜರ್‌ಬೈಜಾನ್ 221 ಅಂಕಕ್ಕೇ ಗೆದ್ದಿತು. ಆ ವರ್ಷದ ಒಂದು ಹಾಡೂ ನನ್ನ ಬಾಯಲ್ಲಿ ಉಳಿದಿಲ್ಲ.

ಇನ್ನೊಂದು ವಿಷಯವನ್ನೂ ನೋಡುತ್ತೇನೆ. ಎಷ್ಟು ದೇಶ ತಮ್ಮ ಭಾಷೆಯಲ್ಲಿ ಹಾಡಿದವು ಅಂತ. ಕನ್ನಡದವಳಾಗಿ ಇದು ನನಗೆ ತುಂಬಾ ಮುಖ್ಯ. 1977ರಿಂದ 1998ರವರೆಗೆ ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕು ಅಂತ ನಿಯಮ ಇತ್ತು. ಇಂಗ್ಲಿಷಿನಲ್ಲಿ ಹಾಡಬಹುದಾಗಿದ್ದ ಐರ್ಲೆಂಡ್ 1992ರಿಂದ 1996ರೊಳಗೆ 4 ಸಲ ಗೆದ್ದಿತು. ಉಳಿದವರಿಗೆ ಹೊಟ್ಟೆ ಉರಿಯದೆ ಇರುತ್ತದಾ? 1999ರಲ್ಲಿ ನಿಯಮ ತೆಗೆದರು. ಆಮೇಲೆ ಬಹುಪಾಲು ದೇಶಗಳು ಇಂಗ್ಲಿಷಿಗೆ ಹಾರಿದವು. ನಿಯಮ ಹೋದ ಮೇಲೆ ಪೂರ್ತಿ ಬೇರೆ ಭಾಷೆಯ ಹಾಡು ಗೆಲ್ಲಲು 2007 ಬರಬೇಕಾಯಿತು, ಸರ್ಬಿಯಾದ ಹಾಡು. ಪೋರ್ಚುಗಲ್ 1964ರಿಂದ ಸ್ಪರ್ಧೆಯಲ್ಲಿದ್ದು 53 ವರ್ಷ ಕಾದು ಮೊದಲ ಸಲ ಗೆದ್ದಿದ್ದು ಪೋರ್ಚುಗೀಸ್ ಹಾಡಿನಿಂದಲೇ. ಸೊಬ್ರಾಲ್‌ನ ಅಕ್ಕ ಬರೆದ ಹಾಡು ಅದು. ಗೆದ್ದ ಮೇಲೆ ಅಕ್ಕ ತಮ್ಮ ಇಬ್ಬರೂ ನಿಂತು ಅದನ್ನೇ ಮತ್ತೊಮ್ಮೆ ಹಾಡಿದರು. ಒಂದು ಪದ ಅರ್ಥವಾಗದೆಯೂ ನನ್ನ ಕಣ್ಣು ಒದ್ದೆಯಾಗಿತ್ತು.

ಉತ್ತರಕ್ಕೆ ಬರುವ ಮೊದಲು 1993ರ ಬಗ್ಗೆ ಹೇಳಲೇಬೇಕು. ಅದನ್ನು ನಾನು ಯಾವ ವರ್ಷದ ಜೊತೆಗೂ ತೂಗುವುದಿಲ್ಲ.

ಆ ವರ್ಷ ಸ್ಪರ್ಧೆ ನಡೆದಿದ್ದು ಐರ್ಲೆಂಡಿನ ಮಿಲ್‌ಸ್ಟ್ರೀಟ್ ಅನ್ನುವ ಊರಿನಲ್ಲಿ. ಒಂದೂವರೆ ಸಾವಿರ ಜನರಿದ್ದ ಸಣ್ಣ ಊರು. ಕುದುರೆ ಸವಾರಿಯ ಪಂದ್ಯ ನಡೆಯುತ್ತಿದ್ದ ಒಳಾಂಗಣವೇ ವೇದಿಕೆ. ಬೋಸ್ನಿಯಾ ಸ್ವತಂತ್ರ ದೇಶವಾಗಿ ಮೊದಲ ಸಲ ಬಂದಿತ್ತು. ಅವರ ರಾಜಧಾನಿ ಸರಾಯೆವೊ ಆಗ ಮುತ್ತಿಗೆಯಲ್ಲಿತ್ತು. ಹಾಡಲು ಬರಬೇಕಾದವರು ರಾತ್ರಿ ಹೊತ್ತು ಗುಂಡಿನ ಭಯದಲ್ಲಿ ವಿಮಾನ ನಿಲ್ದಾಣದ ರನ್‌ವೇ ಓಡಿ ದಾಟಿ ಊರು ಬಿಟ್ಟು ಬಂದಿದ್ದರು. ಫಾಜ್ಲಾ ಅನ್ನುವ ಗಾಯಕ ಹಾಡಿದ. ಸಿಕ್ಕಿದ್ದು 16ನೇ ಸ್ಥಾನ.

ನಾನು ಮತ್ತೆ ಮತ್ತೆ ನೋಡುವುದು ಅವನ ಹಾಡನ್ನಲ್ಲ, ಅಂಕ ಕೇಳುವ ಹೊತ್ತನ್ನು. ಆಗ ಅಂಕ ಬರುತ್ತಿದ್ದದ್ದು ಫೋನಿನಲ್ಲಿ. ಮರು ವರ್ಷದಿಂದ ಉಪಗ್ರಹದ ಮೂಲಕ ಮುಖ ಕಾಣಿಸತೊಡಗಿತು. ನಿರೂಪಕಿ ಬೋಸ್ನಿಯಾಗೆ ಕರೆ ಕೊಡುತ್ತಾಳೆ. ಲೈನಿನ ತುಂಬ ಬರೀ ಗರಗರ ಸದ್ದು. ಆ ಸದ್ದಿನ ಒಳಗಿಂದ, ಎಲ್ಲೋ ಬಾವಿಯ ತಳದಿಂದ ಬಂದಂತೆ ಒಂದು ದನಿ: ಹಲೋ ಮಿಲ್‌ಸ್ಟ್ರೀಟ್, ಸರಾಯೆವೊದಿಂದ ಮಾತಾಡುತ್ತಿದ್ದೇವೆ. ಅಷ್ಟು ಕೇಳಿದ್ದೇ ತಡ, ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಆ ಕಡೆಯವರು ಇನ್ನೂ ಒಂದು ಅಂಕವನ್ನೂ ಹೇಳಿರುವುದಿಲ್ಲ. ಬದುಕಿದ್ದಾರಲ್ಲ, ಲೈನ್ ಸಿಕ್ಕಿತಲ್ಲ, ಅದಕ್ಕೆ ಆ ಚಪ್ಪಾಳೆ.

ಆದರೆ ಒಂದು ರಾತ್ರಿ ಪೂರ್ತಿ ಕೂತು ನೋಡಲು ಒಂದೇ ವರ್ಷ ಹೇಳಿ ಅಂದರೆ ನನ್ನ ಉತ್ತರ 2021, ರಾಟರ್‌ಡ್ಯಾಮ್.

2020ರಲ್ಲಿ ಕೊರೊನಾದಿಂದ ಸ್ಪರ್ಧೆ ನಡೆಯಲೇ ಇಲ್ಲ. ಶುರುವಾದಾಗಿನಿಂದ ನಿಂತಿದ್ದು ಅದೊಂದೇ ಸಲ. ಆ ವರ್ಷ ಆಯ್ಕೆಯಾಗಿದ್ದವರಲ್ಲಿ ಎಷ್ಟೋ ಜನ ಮರು ವರ್ಷ ಬಂದರು. ಹಳೇ ಹಾಡು ತರುವಂತಿರಲಿಲ್ಲ. ಎಲ್ಲರೂ ಹೊಸದು ಬರೆಯಬೇಕಾಯಿತು. ಒಂದು ವರ್ಷ ಮನೆಯೊಳಗೆ ಕೂತು ಮಾಡಿದ ಹಾಡುಗಳು ಅವು. ಆ ತಾಳ್ಮೆ ಕೇಳಿದರೆ ಗೊತ್ತಾಗುತ್ತದೆ.

ಗೆದ್ದಿದ್ದು ಇಟಲಿಯ ಮೋನೆಸ್ಕಿನ್ ಅನ್ನುವ ರಾಕ್ ತಂಡ, 524 ಅಂಕ. ಎರಡನೆಯದು ಫ್ರಾನ್ಸಿನ ಬಾರ್ಬರಾ ಪ್ರಾವಿ, 499. ಮೂರನೆಯದು ಸ್ವಿಟ್ಜರ್ಲೆಂಡ್, 432. ಇಟಾಲಿಯನ್, ಫ್ರೆಂಚ್, ಫ್ರೆಂಚ್. ಮೊದಲ ಮೂರರಲ್ಲಿ ಇಂಗ್ಲಿಷ್ ಇಲ್ಲ, ಅದೂ ಯಾವ ನಿಯಮದ ಒತ್ತಾಯವೂ ಇಲ್ಲದೆ. ಇಟಲಿಗೆ ಸಿಕ್ಕಿದ್ದು ನೂರಕ್ಕೆ 57 ಮಾತ್ರ. ಉಳಿದದ್ದನ್ನು ಬೇರೆ ಒಳ್ಳೆ ಹಾಡುಗಳು ತಿಂದಿದ್ದವು.

ಅದರಲ್ಲಿ ನನ್ನದು ಅಂತ ನಾನು ಇಟ್ಟುಕೊಂಡಿರುವುದು ಐದನೇ ಸ್ಥಾನದ ಉಕ್ರೇನ್ ಹಾಡು. ತಂಡದ ಹೆಸರು ಗೋ-ಎ, ಹಾಡು ‘ಶೂಮ್’. ಅವರ ಹಳ್ಳಿಗಳಲ್ಲಿ ವಸಂತ ಬಂದಾಗ ಹಾಡುವ ಹಾಡಿನಿಂದ ಎತ್ತಿಕೊಂಡದ್ದು. ನಮ್ಮ ಸುಗ್ಗಿ ಹಾಡಿನವರ ಹಾಗೆ ಗಂಟಲು ಬಿಚ್ಚಿ, ದನಿಯನ್ನು ಸ್ವಲ್ಪವೂ ಮೆತ್ತಗೆ ಮಾಡದೆ ಹಾಡುತ್ತಾಳೆ. ಹಿಂದೆ ಕೊಳಲಿನಂಥ ವಾದ್ಯ, ಅದರ ಕೆಳಗೆ ಟೆಕ್ನೋ ಬೀಟ್. ಕೊನೇ ನಿಮಿಷದಲ್ಲಿ ವೇಗ ಏರುತ್ತಾ ಏರುತ್ತಾ ಹೋಗುತ್ತದೆ. ತೀರ್ಪುಗಾರರು ಕೊಟ್ಟಿದ್ದು 97 ಅಂಕ. ಜನ ಕೊಟ್ಟಿದ್ದು 267. ರಿಹರ್ಸಲ್ ಹೊತ್ತಿಗೆ ಗಾಯಕಿಗೆ ಹುಷಾರಿಲ್ಲದೆ ಪ್ರತ್ಯೇಕವಾಗಿ ಇರಬೇಕಾಯಿತು. ಆಗ ಡಚ್ ಹುಡುಗಿಯೊಬ್ಬಳು ಆ ಉಕ್ರೇನಿಯನ್ ಸಾಲುಗಳನ್ನೇ ಕಲಿತು, ಅವಳ ಜಾಗದಲ್ಲಿ ನಿಂತು ಹಾಡಿಕೊಟ್ಟಳು.

ನೋಡುವಾಗ ಅಂಕ ಓದುವ ಭಾಗವನ್ನು ಓಡಿಸಬೇಡಿ. ಬ್ರಿಟನ್ನಿನ ಜೇಮ್ಸ್ ನ್ಯೂಮನ್‌ಗೆ ತೀರ್ಪುಗಾರರಿಂದ ಸೊನ್ನೆ ಬಂದಿತ್ತು. ಜನರ ಅಂಕವೂ ಸೊನ್ನೆ ಅಂತ ಓದಿದರು. ಅಷ್ಟು ಜನರ ಎದುರು ಅಂಥ ಸೋಲು ಯಾರಿಗೂ ಬೇಡ. ಕ್ಯಾಮೆರಾ ಅವನ ಕಡೆ ತಿರುಗಿತು. ಅವನು ಎದ್ದು ನಿಂತು ಎರಡೂ ಕೈ ಮೇಲೆತ್ತಿದ. ಸುತ್ತ ಕೂತಿದ್ದ ಬೇರೆ ದೇಶದವರೆಲ್ಲ, ಅವನ ಎದುರು ಸ್ಪರ್ಧಿಸಿದವರೇ, ಕೂಗಿ ಚಪ್ಪಾಳೆ ತಟ್ಟಿದರು. ಆಮೇಲೆ ಜರ್ಮನಿ, ಸ್ಪೇನ್, ಆತಿಥೇಯ ನೆದರ್‌ಲ್ಯಾಂಡ್ಸ್, ಮೂರಕ್ಕೂ ಜನರಿಂದ ಸೊನ್ನೆ.

ಆಫೀಸಿನ ಹುಡುಗನಿಗೂ ಇದನ್ನೇ ಹೇಳಿದೆ. ಶನಿವಾರ, ಭಾನುವಾರ ಎರಡು ದಿನ ಕೂತು ಪೂರ್ತಿ ನೋಡಿದನಂತೆ. ಸೋಮವಾರ ಬಂದವನು ಬ್ಯಾಗ್ ಇಳಿಸುವ ಮೊದಲೇ ಕೇಳಿದ: “ಅಕ್ಕಾ, ಆ ಉಕ್ರೇನ್ ಹಾಡಿನ ಸಾಲುಗಳು ಎಲ್ಲಿ ಸಿಗತ್ವೆ? ಬಾಯಿಪಾಠ ಮಾಡ್ಬೇಕು.”